ಬೈಯುವ ಡಾಕ್ಟರಮ್ಮ

ಡಾಕ್ಟರಮ್ಮ ದನಿ ಏರಿಸಿದ್ದನ್ನು ಆ ಆಸ್ಪತ್ರೆಯಲ್ಲಿ ಕೇಳಿದವರಿರಲಿಲ್ಲ. ಇಂಜೆಕ್ಷನ್ ಕೊಡುವಾಗ ರೋಗಿಯ ಜೊತೆಗೆ ಸೂಜಿಯ ಕ್ಷಮೆಯನ್ನೂ ಕೇಳುವಂಥ ಸ್ವಭಾವ. ಅಂಥವರು ಆ ಬೆಳಗ್ಗೆ ಒಂದು ಮೊಬೈಲ್ ಫೋನಿನ ಎದುರು ಕುಳಿತು, ಕಣ್ಣು ಮುಚ್ಚಿ, "ಭಗವಂತಾ, ನಾಲ್ಕು ಜನ ಹೆಂಗಸರಾದರೂ ಬರೋ ಹಾಗೆ ಮಾಡಪ್ಪಾ" ಎಂದು ಬೇಡಿಕೊಂಡರು.

ಬೇಡಿಕೊಳ್ಳದೆ ವಿಧಿಯಿರಲಿಲ್ಲ. ಸ್ತನ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಮ್ಯಾಮೊಗ್ರಾಮ್ ಯಂತ್ರ ಬಂದು ಎಷ್ಟೋ ದಿನವಾಗಿತ್ತು. ಅದರ ಮೇಲೆ ಹೊದಿಸಿದ ಬಟ್ಟೆ ಮಾತ್ರ ಮದುವೆಯಾಗದ ಹುಡುಗಿಯ ಟ್ರಂಕಿನ ಸೀರೆಯಂತೆ ಮಡಿಕೆ ಕೆಡದೆ ಹಾಗೇ ಇತ್ತು. ಕಾಯಿಲೆ ಬಂದ ಮೇಲೆ ಓಡಿ ಬರುವವರಿದ್ದರು. ಬರುವ ಮೊದಲೇ ನೋಡಿಸಿಕೊಳ್ಳಿ ಎಂದರೆ ಒಬ್ಬರಿಗೂ ಪುರುಸೊತ್ತಿಲ್ಲ. ಊರಿನ ಮಾತು ಹಾಗಿರಲಿ, ಅವರ ಸ್ವಂತ ಅಕ್ಕ, ಐವತ್ತು ದಾಟಿದವಳು, ನಾಚಿಕೆಯೆಂದೋ ಕೆಲಸವೆಂದೋ ಇತ್ತ ತಲೆ ಹಾಕಿರಲಿಲ್ಲ. ಇವರಿಬ್ಬರ ಚಿಕ್ಕಮ್ಮ ಗಂಟಿರುವುದನ್ನು ಯಾರಿಗೂ ಹೇಳದೆ ಮುಚ್ಚಿಟ್ಟು, ಹೇಳುವ ಹೊತ್ತಿಗೆ ಕೈ ಮೀರಿ ತೀರಿಹೋಗಿದ್ದಳು. ಅದನ್ನು ನೆನೆದಾಗಲೆಲ್ಲ ಡಾಕ್ಟರಮ್ಮನ ಎದೆಯಲ್ಲಿ ಅಕ್ಕನ ಮುಖವೇ ಬಂದು ನಿಲ್ಲುತ್ತಿತ್ತು.

ಫೋನು ಮೇಲಿನ ಮಹಡಿಯ ಹಲ್ಲಿನ ಡಾಕ್ಟರದು. ಹಲ್ಲುಜ್ಜುವುದನ್ನು ವಿಡಿಯೋ ಮಾಡಿ ಹಾಕಿಯೇ ಊರೆಲ್ಲ ಹೆಸರಾದವರು. "ಈಗ ಜನ ಬೋರ್ಡ್ ನೋಡಲ್ಲ ಮೇಡಂ, ಫೋನ್ ನೋಡ್ತಾರೆ. ನನ್ನ ಪುಟದಲ್ಲೇ ಹಾಕೋಣ, ಮಾತಾಡಿ" ಎಂದು ಫೋನನ್ನು ಕೈಗವಸಿನ ಡಬ್ಬಿಗೆ ಒರಗಿಸಿದರು.

"ನಲವತ್ತು ದಾಟಿದ ಮಹಿಳೆಯರ ಗಮನಕ್ಕೆ..."

"ರೈಲು ಬರ್ತಾ ಇದೆಯಾ ಮೇಡಂ? ಸ್ವಲ್ಪ ನಗಿ."

ಡಾಕ್ಟರಮ್ಮ ನಕ್ಕರು.

"ಹಲ್ಲುನೋವಿನವರೂ ಇದಕ್ಕಿಂತ ಚೆನ್ನಾಗಿ ನಗ್ತಾರೆ. ಒಂದು ಸಲ ಪ್ರಾಕ್ಟೀಸ್ ಮಾಡಿ" ಎಂದು ಏನೋ ಒತ್ತಿದರು. ಅಷ್ಟರಲ್ಲಿ ಬಾಯಿ ತೆರೆದೇ ಬಿಟ್ಟು ಬಂದಿದ್ದ ರೋಗಿಯ ನೆನಪಾಗಿ ಮೆಟ್ಟಿಲು ಹತ್ತಿ ಓಡಿದರು.

ಆಗಲೇ ಡಾಕ್ಟರಮ್ಮನ ಫೋನ್ ರಿಂಗಾಯಿತು. ಅಕ್ಕ.

"ಇವತ್ತು ಬರಕ್ಕಾಗಲ್ಲ ಕಣೇ. ಕಿಟಕಿ ಪರದೆ ಒಗೆಯೋಕೆ ಹಾಕಿದೀನಿ."

"ಹೋದ ವಾರಾನೂ ಪರದೆ ಅಂದೆ."

"ಅದು ಹಾಲಿಂದು. ಇದು ರೂಮಿಂದು."

ಇಷ್ಟು ವರ್ಷ ತಡೆದಿಟ್ಟಿದ್ದ ಕಟ್ಟೆ ಅಲ್ಲಿಗೆ ಒಡೆಯಿತು.

"ಅಕ್ಕಾ! ಅರಮನೇಲೂ ಅಷ್ಟು ಪರದೆ ಇರಲ್ಲ! ಚಿಕ್ಕಮ್ಮ ಹೋದಾಗ ಎದೆ ಬಡ್ಕೊಂಡು ಅತ್ತಿದ್ದು ನೀನೇ ತಾನೆ? ಗಂಟು ಕಂಡ ಮೇಲೆ ಬಂದ್ರೆ ನಾನೂ ನಿನ್ನ ಜೊತೆ ಕೂತು ಅಳಬೇಕಷ್ಟೆ. ಕಾಣೋಕೆ ಮುಂಚೆ ಬಾ ಅಂತ ತಾನೇ ಬಾಯಿ ಬಡ್ಕೊತಿರೋದು! ನಾಚಿಕೆಯಂತೆ ನಾಚಿಕೆ! ನನ್ನ ತಲೆ ಹೇನು ಹೆಕ್ಕಿದವಳು ನೀನು, ನನ್ನ ಹತ್ರ ಎಂಥದೇ ನಾಚಿಕೆ? ಸಂಜೆಯೊಳಗೆ ಬರದೇ ಇದ್ರೆ ಆಂಬುಲೆನ್ಸ್ ಕಳಿಸ್ತೀನಿ, ಸೈರನ್ ಹಾಕಿಸಿ!"

ಫೋನ್ ಇಟ್ಟು ನೀರು ಕುಡಿದರು. ರಿಸೆಪ್ಷನ್ ಹೆಂಗಸು ಏದುಸಿರು ಬಿಡುತ್ತ ಒಳಗೆ ಬಂದಳು.

"ಮೇಡಂ, ಆ ಫೋನು... ಲೈವ್ ಇದೆ. ಊರೆಲ್ಲ ನೋಡ್ತಾ ಇದೆ."

ಮಧ್ಯಾಹ್ನದ ಹೊತ್ತಿಗೆ ಹೆಂಗಸರ ಸಾಲು ಬಾಗಿಲು ದಾಟಿ ರಸ್ತೆಗಿಳಿದಿತ್ತು. ಹಲ್ಲಿನ ಡಾಕ್ಟರು ತಾವೇ ಹೆತ್ತ ಮಗುವಿನಂತೆ ಆ ಸಾಲನ್ನು ನೋಡುತ್ತ ನಿಂತರು. ಯಂತ್ರದ ಬಟ್ಟೆ ತೆಗೆದದ್ದಾಯಿತು. ಆದರೆ ಮೊದಲು ಬಂದ ಟೈಲರ್ ಹೆಂಗಸು ಬಾಗಿಲಲ್ಲೇ ನಿಂತುಬಿಟ್ಟಳು.

"ಬೈಯೋ ಡಾಕ್ಟರಮ್ಮ ನೀವೇನಾ? ನಂಗೂ ಸ್ವಲ್ಪ ಬೈರಿ. ಸುಮ್ ಸುಮ್ನೆ ಒಳಗೆ ಹೋಗೋಕೆ ಕಾಲು ಬರ್ತಿಲ್ಲ."

"ಅಯ್ಯೋ, ದಯವಿಟ್ಟು ಬನ್ನಿ..."

"ಇದೇನಿದು, ಅಂಗಡಿ ಮುಚ್ಚಿ ಬಂದಿದೀನಿ, ದಯವಿಟ್ಟು ಅಂತೀರಿ?"

ಬೇರೆ ದಾರಿ ಕಾಣದೆ ಡಾಕ್ಟರಮ್ಮ ಕಣ್ಣು ಮುಚ್ಚಿ ದೇವರನ್ನು ನೆನೆದು, "ನಡೀರಿ ಒಳಗೆ! ಮನೆಯವರ ಶೀತ ಕೆಮ್ಮು ಎಲ್ಲಾ ನೋಡ್ತೀರಿ, ನಿಮ್ಮನ್ನ ಯಾರ್ರೀ ನೋಡಬೇಕು?" ಎಂದು ಕಿರುಚಿದರು. ಟೈಲರ್ ಹೆಂಗಸು ವರ ಪಡೆದವಳಂತೆ ಒಳಗೆ ಹೋದಳು. ಹಿಂದಿನವಳು ಮುಂದೆ ಬಂದು ತಲೆ ತಗ್ಗಿಸಿ ನಿಂತಳು. ಸಂಜೆಯ ಹೊತ್ತಿಗೆ ಡಾಕ್ಟರಮ್ಮನ ಗಂಟಲು ಸೀಳಿದ ಕೊಳಲಿನಂತಾಗಿತ್ತು.

ಕೊನೆಗೆ ಅಕ್ಕ ಬಂದಳು. ಸಾಲಿಗೆ ಸಾಲೇ ಎದ್ದು ದಾರಿ ಬಿಟ್ಟಿತು: "ಪರದೆ ಅಕ್ಕ ಬಂದ್ರು!"

"ನನ್ನ ಮಾನ ಬೀದಿಪಾಲು ಮಾಡಿದೆಯಲ್ಲೇ. ತರಕಾರಿಯವನೂ ಕೇಳ್ತಾನೆ, ಪರದೆ ಒಣಗಿದ್ವಾ ಅಕ್ಕಾ ಅಂತ."

"ಬಂದೆಯಲ್ಲ, ಅಷ್ಟು ಸಾಕು. ನಡಿ."

ಅಕ್ಕ ಕದಲಲಿಲ್ಲ. "ನಿಂದು ಯಾವಾಗ ಆಯ್ತು?"

ಡಾಕ್ಟರಮ್ಮ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ನಂಗೆ... ಕೆಲಸ... ಪುರುಸೊತ್ತು..."

"ಅವಳು ನಂಗೊಬ್ಬಳಿಗೇ ಚಿಕ್ಕಮ್ಮನಾ?" ಅಕ್ಕನ ದನಿ ಮೆತ್ತಗಾಗಿತ್ತು. "ಮೊದಲು ನೀನು ಹೋಗು. ನಿನ್ನ ಹಿಂದೇನೇ ನಾನು."

"ಹೋಗಿ ಬನ್ನಿ ಮೇಡಂ, ನಾವು ಕಾಯ್ತೀವಿ" ಎಂದಿತು ಸಾಲು.

ಒಳಗೆ ಟೆಕ್ನೀಷಿಯನ್ ಹೆಂಗಸು, "ಭುಜ ಸಡಿಲ ಬಿಡಿ ಮೇಡಂ, ಏನೂ ಆಗಲ್ಲ" ಎಂದಳು. ದಿನವೂ ತಾವು ಇತರರಿಗೆ ಹೇಳುವ ಮಾತು. ತಣ್ಣನೆಯ ತಟ್ಟೆ ಒತ್ತಿದಾಗ, ಆ ಮಾತು ಕೇಳುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ಡಾಕ್ಟರಮ್ಮನಿಗೆ ಮೊದಲ ಸಲ ತಿಳಿಯಿತು. ಮನಸ್ಸಿನಲ್ಲೇ ಕೈ ಮುಗಿದರು. ಪರೀಕ್ಷೆ ಮುಗಿದಾಗ ಹೂವಿನಷ್ಟು ಹಗುರಾಗಿ ಹೊರಗೆ ಬಂದರು.

"ಬಾ ಅಕ್ಕಾ, ನಿಜವಾಗ್ಲೂ ಏನೂ..."

ಕುರ್ಚಿ ಖಾಲಿ.

"ಈಗಷ್ಟೇ ಹೋದ್ರು ಮೇಡಂ" ಎಂದಳು ರಿಸೆಪ್ಷನ್ ಹೆಂಗಸು. "'ನನ್ನ ತಂಗೀದು ಆಯ್ತಲ್ಲ, ನಂಗೆ ಅಷ್ಟೇ ಬೇಕಾಗಿತ್ತು' ಅಂದು ಆಟೋ ಹತ್ತಿಬಿಟ್ರು. ಎದ್ದು ಹೊರಟಿದ್ದವರಿಗೆಲ್ಲ ಬೈದು ಕೂರಿಸಿ ಹೋದ್ರು."

ಡಾಕ್ಟರಮ್ಮ ಬಾಗಿಲಿಗೆ ಓಡಿದರು. ಆಟೋ ತಿರುವಿನಲ್ಲಿ ಮರೆಯಾಗುತ್ತಿತ್ತು. ಕೂಗಲು ಬಾಯಿ ತೆರೆದರೆ ಗಂಟಲಿನಿಂದ ಗಾಳಿಯಷ್ಟೇ ಬಂತು.

ಸಾಲಿನ ಮುಂದಿದ್ದ ಟೀಚರಮ್ಮ ಮೆಲ್ಲಗೆ ಕೇಳಿದರು: "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಬೈಗುಳಕ್ಕಿಂತ ಅಕ್ಕಂದೇ ಚೆನ್ನಾಗಿದೆ. ನಾಳೆ ನನ್ನ ನಾದಿನೀನ ಕರ್ಕೊಂಡು ಬರೋಣ ಅಂತಿದೀನಿ. ಅವರು ಎಷ್ಟು ಗಂಟೆಗೆ ಡ್ಯೂಟಿಗೆ ಬರ್ತಾರೆ?"