ಬೇಸ್‌ಬಾಲ್ ಬ್ಯಾಟಿನ ಮೇಲೆ ಕೂತ ಮಾವ

ನನ್ನ ಸೋದರಮಾವನಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ, ಮರದ ಮೇಲಂತೂ ಇಲ್ಲವೇ ಇಲ್ಲ! ದಿಲ್ಲಿಯ ಲಕ್ಷ್ಮೀ ನಗರದಲ್ಲಿ ದೋಸೆ ಹೋಟೆಲು ನಡೆಸುವ ಈ ಮಹಾಶಯ, ಯಾವ ಕುರ್ಚಿಯಲ್ಲಿ ಕೂರುವ ಮೊದಲೂ ಅದನ್ನು ತಲೆಕೆಳಗು ಮಾಡಿ ಮರದ ಎಳೆ ನೋಡಬೇಕು. ನನ್ನ ಮದುವೆಯಲ್ಲಿ ಬೀಗರನ್ನೇ ಎಬ್ಬಿಸಿ, "ಕುರ್ಚಿ ಕಾಲು ಸೀಳುತ್ತೆ, ಏಳಿ" ಅಂದಿದ್ದರು. ಬೀಗರ ಮುಖ ಇನ್ನೂ ಸರಿಹೋಗಿಲ್ಲ. ಕುರ್ಚಿ ಮಾತ್ರ ಇವತ್ತಿಗೂ ಗಟ್ಟಿಮುಟ್ಟಾಗಿದೆ.

ನಾವಿರುವ ರೋಹಿಣಿ ಬಡಾವಣೆಯ ಶಾಲೆಯಲ್ಲಿ ನನ್ನ ಮಗಳು ಬೇಸ್‌ಬಾಲ್ ತಂಡ ಸೇರಿದ ವಾರವೇ ಯಾರದೋ ಬ್ಯಾಟು ಮುರಿದು, ಚೂರು ಹಾರಿ, ಅವಳ ಕಿವಿಯ ಪಕ್ಕ ಎರಡು ಹೊಲಿಗೆ ಬಿತ್ತು. "ಆಟದಲ್ಲಿ ಇದೆಲ್ಲ ಇದ್ದದ್ದೇ" ಅಂದೆ ನಾನು, ಸರ್ಕಾರಿ ಗುಮಾಸ್ತನ ಧೈರ್ಯದಿಂದ. ಮಾವ ಬಿಡುತ್ತಾರೆಯೇ? ಎರಡು ಬಸ್ಸು ಬದಲಿಸಿ ಬಂದು, ನಮ್ಮನ್ನು ಆಟದ ಸಾಮಾನಿನ ಅಂಗಡಿಗೆ ಎಳೆದೊಯ್ದು, ಜೇಬಿನಿಂದ ಭೂತಗನ್ನಡಿ ತೆಗೆದರು!

"ಎಳೆ ಹಿಡಿಯಿಂದ ತುದಿವರೆಗೆ ನೆಟ್ಟಗೆ ಹೋಗ್ಬೇಕು ಮಾರಾಯ. ಓರೆ ಹೋದಲ್ಲೇ ಮುರಿಯೋದು. ಆಶ್ ಮರ ಆದ್ರೆ ಸಿಬಿರೆದ್ದು ಮೊದಲೇ ತಿಳಿಸುತ್ತೆ. ಈ ಮೇಪಲ್ ಮರ ಉಂಟಲ್ಲ, ಹೇಳೋದಿಲ್ಲ ಕೇಳೋದಿಲ್ಲ, ಸೀದಾ ಈಟಿ ಹಾಗೆ ಹಾರುತ್ತೆ!"

ಹೋಟೆಲಿಗೆ ಬರುವ ಕೋಚಿಂಗ್ ಕ್ಲಾಸಿನ ಹುಡುಗರಿಗೆ ಒಂದೊಂದು ವಡೆ ಹೆಚ್ಚು ಕೊಟ್ಟು ಇಂಟರ್‌ನೆಟ್ಟಿನಲ್ಲಿ ಹುಡುಕಿಸಿದ ಪಾಂಡಿತ್ಯವಂತೆ ಇದು! ಅಂಗಡಿಯ ಭಯ್ಯಾ ಆಕಳಿಸಿದ. "ಅರೇ ಅಂಕಲ್‌ಜೀ, ಗಾಡೀ ಮೇ ಹೀ ತೋ ರಖನಾ ಹೈ!" ಅವನದೇನು ತಪ್ಪು? ದಿಲ್ಲಿಯಲ್ಲಿ ಬೇಸ್‌ಬಾಲ್ ಬ್ಯಾಟು ಕೊಳ್ಳುವವರಲ್ಲಿ ಚೆಂಡು ಕಂಡವರೆಷ್ಟು ಜನ? ಸಿಗ್ನಲ್ಲಿನ ಜಗಳದಲ್ಲಿ ತೋರಿಸಲು ಕಾರಿನ ಸೀಟಿನಡಿ ಇಟ್ಟುಕೊಳ್ಳುವ ವಸ್ತು ಅದು.

ಮಾವ ಅಲ್ಲಿ ಏನೂ ಕೊಳ್ಳದೆ ಊರಿಗೆ ಫೋನು ಮಾಡಿದರು. ಒನಕೆ ಮಾಡುವ ಆಚಾರಿಯ ಕೈಯಲ್ಲಿ ತಯಾರಾದ ಬ್ಯಾಟು ರೈಲು ಹತ್ತಿ ಬಂತು. ಮುರಿಯುವ ಮಾತೇ ಇಲ್ಲ. ಎತ್ತುವ ಮಾತೂ ಇಲ್ಲ! "ಅಜ್ಜಾ, ಯೇ ತೋ ಬಹುತ್ ಭಾರೀ ಹೈ, ಹೊಡೆಯೋದು ಹೇಗೆ?" ಅಂದಳು ಮಗಳು. ಮೂರು ತಿಂಗಳಿಂದ ಅದು ನಮ್ಮ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಿದೆ.

ಅವಳು ಶಾಲೆಯಲ್ಲಿ ಆಡುತ್ತಿದ್ದ ಹಳೆಯ ಮರದ ಬ್ಯಾಟಿನ ಹಿಡಿಯಲ್ಲಿ ಸಣ್ಣ ಬಿರುಕು ಕಂಡಾಗ ನಾನೇ ಕಪ್ಪು ಟೇಪು ಸುತ್ತಿಕೊಟ್ಟೆ. ಎಷ್ಟು ಅಚ್ಚುಕಟ್ಟಾಗಿ ಗೊತ್ತೇ! ವಲಯ ತಂಡಕ್ಕೆ ಆಯ್ಕೆಯಾಗುವ ಪಂದ್ಯ. ಮಗಳು ತಂಡ ಸೇರಿದಾಗಿನಿಂದ ಕಾದಿದ್ದ ದಿನ. ಮೈದಾನಕ್ಕೂ ಮಾವ ಹಾಜರು. ಟೇಪು ಕಂಡದ್ದೇ ತಡ, ಬ್ಯಾಟನ್ನು ಕಸಿದು ನೆಲಕ್ಕೆ ಹಾಕಿ ಅದರ ಮೇಲೆ ಕೂತುಬಿಟ್ಟರು! ಕಾವಿಗೆ ಕೂತ ಕೋಳಿಯ ಹಾಗೆ, ಅಷ್ಟು ಜನರೆದುರು!

"ಏಳಿ ಮಾವ, ಮಾನ ಕಳೀಬೇಡಿ."

"ನಿನ್ನ ಮಾನ ತಗೊಂಡು ನಾನೆಂತ ದೋಸೆ ಹೊಯ್ಯಲಾ? ಏಳಲ್ಲ."

"ಪಪ್ಪಾ, ಮೇರಾ ನಂಬರ್ ಆ ರಹಾ ಹೈ!" ಅವಳ ಸರದಿ ಬಂದೇಬಿಟ್ಟಿತ್ತು, ಮಗಳು ಅಳತೊಡಗಿದಳು. ಕೊನೆಗೆ ಕೋಚ್ ಎದುರಾಳಿ ತಂಡದವರ ಅಲ್ಯೂಮಿನಿಯಂ ಬ್ಯಾಟು ಬೇಡಿ ತಂದರು. ಅವಳು ಕಣ್ಣೊರೆಸಿಕೊಂಡು ಓಡಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮಾವನನ್ನು ಎಬ್ಬಿಸಿ, ಬ್ಯಾಟು ಕಿತ್ತುಕೊಂಡು, "ಎಲ್ಲಿ ಮುರಿಯುತ್ತೆ ನೋಡೇಬಿಡೋಣ" ಅಂತ ಅಲ್ಲಿದ್ದ ಬೇವಿನ ಮರಕ್ಕೆ ಒಂದೇಟು ಹಾಕಿದೆ. ಟೇಪು ಹರಿಯಿತು. ಗೇಣುದ್ದದ ಚೂಪು ಚೂರೊಂದು ನನ್ನ ಕೆನ್ನೆಯ ಪಕ್ಕದಲ್ಲೇ ಹಾರಿ ಹಿಂದೆ ನೆಲಕ್ಕೆ ನಾಟಿತು. ಅಯ್ಯೋ ದೇವರೇ, ಇದು ಅವಳ ಕೈಯಲ್ಲಿದ್ದಿದ್ದರೆ?

ಇನ್ನು ಮಾವ ಮೈದಾನಕ್ಕೆಲ್ಲ ಕೇಳುವಂತೆ ಭಾಷಣ ಬಿಗಿಯುತ್ತಾರೆ, ಬಿಗಿಯಲಿ, ಅಂತ ತಲೆ ತಗ್ಗಿಸಿ ನಿಂತೆ. ಅವರು ಮಂಡಿ ಹಿಡಿದುಕೊಂಡು ಬಗ್ಗಿ, ಒಂದೊಂದೇ ಚೂರನ್ನು ಹುಡುಕಿ ಆಯ್ದು, ಸ್ವೆಟರಿನ ಒಳಗೆ ಬಚ್ಚಿಟ್ಟುಕೊಂಡರು.

"ಮಗುಗೆ ಹೇಳ್ಬೇಡ ಮಾರಾಯ," ಅಂದರು ಮೆಲ್ಲಗೆ. "ಹೆದರಿ ಆಟ ಬಿಟ್ಟಾಳು."