ಎಲ್ಲಾ ವೈರೂ ಕೆಂಪು

ದರ್ಜಿಯ ಕಷ್ಟಕ್ಕೆಲ್ಲ ಕಾರಣ ಅವನ ಅಚ್ಚುಕಟ್ಟುತನ. ಹಾಕಿದ ಹೊಲಿಗೆ ಹೊರಗೆ ಕಾಣಬಾರದು ಎಂಬುದು ಅವನ ವೃತ್ತಿಧರ್ಮ. ಅಪ್ಪನ ಹಳೆಯ ಟ್ರ್ಯಾಕ್ಟರಿಗೆ ಕೆಂಪು ಬಣ್ಣ ಬಳಿದವನು, ಬಣ್ಣಕ್ಕೆ ಒಪ್ಪಲೆಂದು ಹಳೆಯ ವೈರುಗಳನ್ನೂ ಕಿತ್ತು, ಎಲ್ಲಕ್ಕೂ ಕೆಂಪು ವೈರನ್ನೇ ಹಾಕಿದ್ದ. ನೋಡಲು ಚಂದವಾಗಿತ್ತು. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಈಗ ಅವನಿಗೂ ಗೊತ್ತಿರಲಿಲ್ಲ.

ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದ ಗಾಡಿ ಅದು. ಅದನ್ನು ಕಳೆದುಕೊಳ್ಳಲು ಅವನು ಸುತರಾಂ ತಯಾರಿರಲಿಲ್ಲ. ಆದರೆ ಮನೆಯ ಯಜಮಾನಿಕೆ ಅಕ್ಕನದು, ಅವಳಿಗೆ ಹಿತ್ತಲಿನ ಶೆಡ್ಡು ಖಾಲಿಯಾಗಬೇಕಿತ್ತು. ಗುಜರಿಯವನನ್ನು ಎರಡು ಸಲ ಕರೆಸಿದ್ದಳು. ಎರಡು ಸಲವೂ ಅವನು ಟ್ರ್ಯಾಕ್ಟರನ್ನು ನೋಡಿ, ಮನೆಯ ಮುಂದಿನ ಏರು ಓಣಿಯನ್ನು ನೋಡಿ, ಆಗದೆಂದು ತಲೆಯಾಡಿಸಿ ಹೋಗಿದ್ದ. ಅದು ತನ್ನ ಕೈಕೆಲಸಕ್ಕೆ ಸಂದ ಮರ್ಯಾದೆ ಎಂದು ದರ್ಜಿ ಒಳಗೊಳಗೇ ಬೀಗಿದ್ದ.

ಇವತ್ತು ಬೆಳಿಗ್ಗೆ ಅಕ್ಕ ಚಹಾದ ಲೋಟ ಇಟ್ಟು, "ಸಂಜೆ ಒಳಗೆ ಇದು ಸ್ಟಾರ್ಟ್ ಆಗ್ಲೇಬೇಕು, ನೋಡು" ಎಂದುಬಿಟ್ಟಳು. ಆಗದಿದ್ದರೆ ಗುಜರಿಯೇ ಗತಿ ಎಂದು ಅವನು ಅರ್ಥಮಾಡಿಕೊಂಡ. ಅಂಗಡಿಗೆ ರಜೆ ಹಾಕಿ ಸ್ಪ್ಯಾನರ್ ಹಿಡಿದ.

ಲೈಟಿನ ಸ್ವಿಚ್ ಒತ್ತಿದರೆ ಹಾರ್ನ್ ಬಡಿದುಕೊಂಡಿತು. ಹಾರ್ನ್ ಒತ್ತಿದರೆ ಒಂದು ಲೈಟು ಹತ್ತಿತು. ಕೀಲಿ ತಿರುಗಿಸಿದರೆ ಏನೂ ಆಗಲಿಲ್ಲ. ಸದ್ದಿಗೆ ಪಕ್ಕದ ಮನೆಯ ರೇಡಿಯೋ ರಿಪೇರಿಯವರು ಬಂದರು, ಅವರ ಬೆನ್ನಿಗೇ ಎದುರುಮನೆಯ ನಿವೃತ್ತ ಬಸ್ ಡ್ರೈವರು. ಬ್ಯಾಟರಿ ಸತ್ತಿದೆ ಎಂದು ಡ್ರೈವರು ತೀರ್ಪು ಕೊಟ್ಟರು. ಸತ್ತ ಬ್ಯಾಟರಿ ಹಾರ್ನ್ ಹೊಡೆಯುತ್ತದೆಯೇ ಎಂದು ರೇಡಿಯೋದವರು ಕೇಳಿದರು. ಅಲ್ಲಿಂದ ಮಾತಿಗೆ ಮಾತು ಬೆಳೆದು, ಮಧ್ಯಾಹ್ನದವರೆಗೆ ಟ್ರ್ಯಾಕ್ಟರನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಮುಟ್ಟಿದರು. ಒಂದು ವೈರು ಹೊಗೆಯೆದ್ದು ಡ್ರೈವರ ಮೀಸೆಯ ಎಡಭಾಗ ಸೀದುಹೋಯಿತು.

ಈ ನಡುವೆ ಅಕ್ಕ ಮತ್ತೆ ಮತ್ತೆ ಚಹಾ ತಂದಳು. ಹುಟ್ಟಿದಾಗಿನಿಂದ ಅವಳಿಂದ ಇಂಥ ಉಪಚಾರ ಕಂಡವನಲ್ಲ ದರ್ಜಿ. ಪಾಪ, ಅವಳಿಗೂ ಅಪ್ಪನ ನೆನಪು ಕಾಡುತ್ತಿರಬೇಕು ಎಂದುಕೊಂಡು ಅವನ ಕಣ್ಣು ತುಂಬಿ ಬಂತು.

ಸಂಜೆಯ ಹೊತ್ತಿಗೆ ರೇಡಿಯೋದವರು ಬ್ಯಾಟರಿಯಿಂದ ಗಾಡಿಯ ಮೈಗೆ ಬಿಗಿದ ವೈರನ್ನು ಎಳೆದು ನೋಡಿದರು.

"ಇದನ್ನ ಬಣ್ಣದ ಮೇಲೇ ಬಿಗಿದಿದ್ದೀಯಲ್ಲೋ. ಹಾರ್ನಿಗೆ ಹೇಗೋ ಸಾಕು, ಸ್ಟಾರ್ಟರಿಗೆ ಕಬ್ಬಿಣವೇ ತಾಕಬೇಕು. ಕೆರಿ."

ಮೂರು ಕೋಟ್ ಬಣ್ಣ. ದರ್ಜಿ ಹಲ್ಲು ಕಚ್ಚಿಕೊಂಡು ಕೆರೆದ. ಕೀಲಿ ತಿರುಗಿಸಿದ. ಟ್ರ್ಯಾಕ್ಟರ್ ಕೆಮ್ಮಿತು, ಹೊಗೆ ಉಗುಳಿತು, ಗುಡುಗುಡು ಎಂದಿತು. ಎಷ್ಟೋ ವರ್ಷಗಳ ಮೇಲೆ ಅಪ್ಪ ಮನೆಗೆ ಬಂದಂತಾಗಿ ಅವನು ಸ್ಟೀರಿಂಗನ್ನು ತಬ್ಬಿಕೊಂಡ.

ಅಕ್ಕ ಓಡಿಬಂದು ಗೇಟು ತೆರೆದಳು. ಓಣಿಯ ತುದಿಯಲ್ಲಿ ಗುಜರಿಯವನ ಲಾರಿ, ಹಿಂದೆ ಹಲಗೆ ಇಳಿಸಿಕೊಂಡು ನಿಂತಿತ್ತು.

"ಈ ಏರಲ್ಲಿ ತಳ್ಕೊಂಡು ಹೋಗೋಕಾಗಲ್ಲ, ತಾನಾಗೇ ಬಂದ್ರೆ ಮಾತ್ರ ಒಯ್ತೀನಿ ಅಂದಿದ್ದ," ಅಕ್ಕ ಮುಖವರಳಿಸಿ ಹೇಳಿದಳು. "ಅಂತೂ ನಿನ್ನಿಂದ ಮನೆಗೊಂದು ಉಪಕಾರ ಆಯ್ತು ಕಣೋ."

ದರ್ಜಿ ಕೀಲಿ ತಿರುಗಿಸಿ ಹೊರಕ್ಕೆಳೆದ. ಗುಡುಗುಡು ನಿಲ್ಲಲಿಲ್ಲ. ಕೈಗೆ ಸಿಕ್ಕ ಕೆಂಪು ವೈರನ್ನೆಲ್ಲ ಕಿತ್ತ. ಲೈಟು ಹೋಯಿತು, ಹಾರ್ನ್ ಹೋಯಿತು. ಟ್ರ್ಯಾಕ್ಟರ್ ಮಾತ್ರ ನಿಂತಲ್ಲೇ ಉತ್ಸಾಹದಿಂದ ಗುಡುಗುತ್ತಲೇ ಇತ್ತು.

"ಡೀಸೆಲ್ ಎಂಜಿನ್ ಕಣಯ್ಯಾ. ಒಂದ್ಸಲ ಹತ್ಕೊಂಡ್ರೆ ಯಾವ ವೈರೂ ಬೇಡ ಅದಕ್ಕೆ," ಎನ್ನುತ್ತ ಬಸ್ ಡ್ರೈವರು ಸೀಟಿಗೆ ಕಾಲು ಹಾಕಿದರು. "ಸ್ವಲ್ಪ ಜರುಗು. ಏರು ನಾನು ಹತ್ತಿಸಿಕೊಡ್ತೀನಿ."

ದರ್ಜಿ ಕೈತುಂಬ ಕೆಂಪು ವೈರು ಹಿಡಿದುಕೊಂಡು ಜರುಗಿದ.