ಬಲಗಡೆ ಸೀಟಿನ ಮಾಸ್ತರ

ವಿಮಾನ ಹಾರಿಸುವುದನ್ನು ಕಲಿಸುವವನಿಗೆ ನಗೆ ಪ್ರಸಂಗಗಳ ಕೊರತೆಯಿಲ್ಲ, ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಕೊರತೆ ಇರುವುದು ಕೇಳುವವರದು. ನಾನು ಜೇವರ್ಗಿ ಕಡೆಯ ಇಜೇರಿಯವನು. ಕಲಬುರಗಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದೇನೆ. ಸಂಜೆ ಬೀಗ ತೆಗೆಯುವಾಗ ನಗು ಇನ್ನೂ ಬಾಯಲ್ಲೇ ಇರುತ್ತದೆ. ಒಳಗೆ ಹೋಗಿ ಹೇಳೋಣವೆಂದರೆ ಫ್ಯಾನು, ಮಂಚ, ಸ್ಟೋವು. ಅದಕ್ಕೇ ಬರೆದಿಡುತ್ತಿದ್ದೇನೆ.

ಬಸ್ಸಿನ ಮುಂದಿನ ಸೀಟು

ವಿಮಾನ ಹಾರಿಸಲು ಬಂದರೆ ಸಾಲದು, ಕಲಿಸುವುದಕ್ಕೆ ಬೇರೆಯೇ ತರಬೇತಿ ಆಗಬೇಕು. ವಿದ್ಯಾರ್ಥಿ ಎಡಗಡೆ ಕೂರುತ್ತಾನೆ, ಮಾಸ್ತರ ಬಲಗಡೆ. ಇಷ್ಟು ವರ್ಷ ಸುಮ್ಮನೆ ಕೈಯಿಂದ ಮಾಡಿದ್ದನ್ನೆಲ್ಲ ಈಗ ಮಾಡುತ್ತ ಮಾಡುತ್ತಲೇ ಬಾಯಿಂದ ಹೇಳಬೇಕು. ನಾನೋ ಮಾತು ಕಡಿಮೆಯವನು. ಹಾಗಾಗಿ ಎಲ್ಲಿ ಕೂತರೂ ನಿಂತರೂ ಬಾಯಿಪಾಠ ಮಾಡುತ್ತಿದ್ದೆ.

ಒಂದು ದಿನ ಜೇವರ್ಗಿ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಶುರು ಮಾಡಿದೆ. "ಕಣ್ಣು ಹೊರಗಿರಲಿ. ಜರಾ ಬಲಕ್ಕ ತಗೋ. ಅವಸರ ಮಾಡಬ್ಯಾಡ. ವೇಗ ಇಳಸು, ಇನ್ನೂ ಇಳಸು. ಅಂಜಬ್ಯಾಡ, ನಾ ಇದ್ದೇನಿ."

ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಹಿಂದೆ ತಿರುಗಿ, "ಹದಿನೆಂಟು ವರ್ಷ ಆತ್ರಿ ನಾ ಈ ಗಾಡಿ ಓಡ್ಸಾಕತ್ತಿ. ಅಷ್ಟು ತಿಳಿತಿದ್ರ ನೀವೇ ಬರ್ರಿ ಇಲ್ಲಿ" ಅಂದ.

"ನಿಮಗಲ್ರಿ, ನಾ ವಿಮಾನ ಕಲಸೋದು ಪಾಠ ಮಾಡಾಕತ್ತಿದ್ದೆ" ಅಂದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಹಿಂದೆ ಹೋದಳು. ಆಕೆಯ ಹಿಂದೆ ಇನ್ನೊಬ್ಬರು. ಮೂರು ಜನರ ಸೀಟಿನಲ್ಲಿ ಜೇವರ್ಗಿಯವರೆಗೆ ನಾನೊಬ್ಬನೇ. ಇಳಿಯುವಾಗ ಕಂಡಕ್ಟರ್ ಮೆಲ್ಲಗೆ ಹೇಳಿದ, "ಸಾಹೇಬ್ರ, ವಿಮಾನದ ಹುಚ್ಚು ತಾನೇ ಇಳೀತದಂತ ಸುಮ್ಮ ಕುಂದರಬ್ಯಾಡ್ರಿ. ಡಾಕ್ಟರಿಗೊಮ್ಮೆ ತೋರಸ್ರಿ."

ನಿದ್ದೆಯ ಪಾಠ

ನಮಗೆ ಕಲಿಸುವುದನ್ನು ಕಲಿಸುತ್ತಿದ್ದವರು ವಾಯುಪಡೆಯ ನಿವೃತ್ತ ಹಿರಿಯ ಅಧಿಕಾರಿ, ಬಿಳಿ ಮೀಸೆಯವರು. ಅವರ ರೀತಿ ಏನೆಂದರೆ, ತಾವೇ ದಡ್ಡ ವಿದ್ಯಾರ್ಥಿಯ ವೇಷ ಹಾಕಿ ನಮ್ಮ ಮುಂದೆ ಕೂರುವುದು. ಒಂದು ದಿನ ಹಠಮಾರಿ, ಇನ್ನೊಂದು ದಿನ ಅಂಜುಬುರುಕ. ನಾವು ತಾಳ್ಮೆಗೆಡದೆ ಪಾಠ ಮಾಡಬೇಕು.

ಪರೀಕ್ಷೆಯ ದಿನ ಊಟವಾದ ಮೇಲೆ ನನ್ನ ಸರದಿ ಬಂತು. ರೆಕ್ಕೆ ಹೇಗೆ ಎತ್ತುತ್ತದೆ ಎಂಬ ಪಾಠ. ಹಲಗೆಯ ಮೇಲೆ ಚಿತ್ರ ಬರೆದು ತಿರುಗಿ ನೋಡಿದರೆ ಅವರು ನಿದ್ದೆ ಹೋಗಿದ್ದಾರೆ! ಇವತ್ತು ನಿದ್ದೆಬುರುಕನ ವೇಷ ಅಂದುಕೊಂಡೆ. ದನಿ ಏರಿಸಿದೆ, ಚಪ್ಪಾಳೆ ತಟ್ಟಿದೆ, "ಏ ತಮ್ಮಾ, ಏಳು" ಎಂದೂ ಅಂದೆ. ಗೊರಕೆ ಶುರುವಾಯಿತು. ಎಂಥ ನಟನೆ ಎಂದು ಬೆರಗಾಗಿ ನಲವತ್ತು ನಿಮಿಷ ಆ ಗೊರಕೆಗೆ ಪಾಠ ಮಾಡಿದೆ. ಕೊನೆಗೆ ಅವರು ಕಣ್ಣು ತೆರೆದು, ಗಡಿಯಾರ ನೋಡಿ, ಹಲಗೆ ನೋಡಿ, ನನ್ನ ಹಾಳೆಯ ಮೇಲೆ ಬರೆದರು: "ತಾಳ್ಮೆ ಬಹಳ. ಪಾಸು."

ಅದು ವೇಷವೋ ಖರೆ ನಿದ್ದೆಯೋ ಇವತ್ತಿಗೂ ಗೊತ್ತಿಲ್ಲ. ನನ್ನ ಮಾಸ್ತರಿಕೆ ನಿಂತಿರುವುದು ಅದರ ಮೇಲೇ.

ಅಕ್ಕನ ಸಿಟ್ಟು

ಕೆಲಸ ಸಿಕ್ಕ ಮೇಲೆ ಊರಲ್ಲಿ ನನಗೊಂದು ಹೊಸ ತೊಂದರೆ ಶುರುವಾಯಿತು. ಇಜೇರಿಯ ಮೇಲೆ ಯಾವ ವಿಮಾನ ಹೋದರೂ ಅದು ನನ್ನದೇ. ಒಂದು ಮದುವೆಗೆ ಹೋದಾಗ ಅಕ್ಕ ಮಾತೇ ಆಡಿಸಲಿಲ್ಲ. ಕಾರಣ ಕೇಳಿದೆ.

"ಐತವಾರ ಮುಂಜಾನೆ ಹೊಲದಾಗ ನಿಂತು ನಾನು, ನಿನ್ನ ಮಾವ, ಕಸ ತೆಗೆಯೋ ಹೆಣ್ಮಕ್ಳು, ಎಲ್ಲಾರೂ ಕೈ ಬೀಸೀವಿ. ನಾ ಸೆರಗು ಬೀಸೀನಿ. ನೀ ತಿರುಗಿ ಸುದ್ದಾ ನೋಡ್ಲಿಲ್ಲ. ಭಾಳ ಸೊಕ್ಕು ಬಂದದ ನಿನಗ" ಅಂದಳು.

ಅದು ಮೂವತ್ತೈದು ಸಾವಿರ ಅಡಿ ಮೇಲೆ ಮುಂಬೈ ಕಡೆಗೆ ಹೋಗುವ ದೊಡ್ಡ ವಿಮಾನ. ಆ ಐತವಾರ ನನಗೆ ರಜೆ. ಯಾರಾದರೂ ಫೋನು ಮಾಡುತ್ತಾರೇನೋ ಎಂದು ಮೊಬೈಲು ಕಿಟಕಿಯಲ್ಲಿಟ್ಟು ದಿನವೆಲ್ಲ ಬಟ್ಟೆ ಒಗೆದಿದ್ದೆ. ಅಷ್ಟು ಜನ ನನಗೆ ಕೈ ಬೀಸಿದರೆಂಬುದು ಗೊತ್ತಾದ ಮೇಲೆ ಆ ವಿಮಾನ ನನ್ನದಲ್ಲ ಎನ್ನಲು ಮನಸ್ಸಾಗಲಿಲ್ಲ.

"ತಪ್ಪಾತಕ್ಕ. ಅವಸರದಾಗಿದ್ದೆ" ಅಂದೆ.

"ಹೋಗ್ಲಿ ಬಿಡು. ಮುಂದಿನ ಸಲ ಜರಾ ನಿಂದರಸು" ಅಂದಳು.

ಇಬ್ಬರೂ ಬಿಟ್ಟ ವಿಮಾನ

ಸೊಲ್ಲಾಪುರದ ಒಬ್ಬ ವಿದ್ಯಾರ್ಥಿ ಇದ್ದ. ಬಹಳ ಮರ್ಯಾದಸ್ಥ. ಹಾರುವಾಗ ಒಂದು ನಿಯಮವಿದೆ: ಒಬ್ಬರು ಹಿಡಿಕೆ ಬಿಡುವಾಗ "ನೀ ಹಿಡಿ" ಎನ್ನಬೇಕು, ಇನ್ನೊಬ್ಬರು "ಹಿಡಿದೆ" ಎನ್ನಬೇಕು. ಅಫಜಲಪುರದ ಕಡೆ ಹೋಗಿದ್ದೆವು. ಹವಳಗಾದ ಸಕ್ಕರೆ ಕಾರ್ಖಾನೆಯ ಚಿಮಣಿ ಕಂಡಿತು. ಅಲ್ಲಿ ತಿರುಗಿಸಿ ತೋರಿಸಿ, "ನೀ ಹಿಡಿ" ಎಂದು ನೀರಿನ ಬಾಟಲಿ ತೆಗೆದೆ.

ಅಂದೆ ಅಂದುಕೊಂಡೆ, ಅಷ್ಟೇ. ಒಬ್ಬನೇ ಇರುವವನು ಎಷ್ಟೋ ಮಾತುಗಳನ್ನು ಮನಸ್ಸಿನಲ್ಲೇ ಆಡಿ ಮುಗಿಸಿರುತ್ತಾನೆ. ಬಾಯಿಗೆ ಬಂತೋ ಇಲ್ಲವೋ ಅವನಿಗೇ ತಿಳಿಯುವುದಿಲ್ಲ.

ಕಬ್ಬಿನ ಹೊಲಗಳು ಹಿಂದೆ ಸರಿದವು. ಆಹಾ, ಇವತ್ತು ಹುಡುಗ ಎಷ್ಟು ಹಗುರ ಹಿಡಿದಿದ್ದಾನೆ ಎಂದು ನನಗೆ ಹೆಮ್ಮೆ. ಚೌಡಾಪುರದ ರಸ್ತೆ ಕಂಡಾಗ ಅವನು ಕೈ ಮುಗಿಯುವ ದನಿಯಲ್ಲಿ, "ಸರ್, ಎಷ್ಟು ಮೆತ್ತಗ ಹಾರಸ್ತೀರಿ ನೀವು! ನನಗ ಯಾವಾಗ ಬರ್ತದ್ರಿ ಹಿಂಗ?" ಅಂದ.

"ನಾನಾ? ನೀ ಹಿಡದಿಲ್ಲೇನು?"

"ಇಲ್ರಿ ಸರ್!"

ಇಬ್ಬರೂ ಒಮ್ಮೆಲೇ ಹಾರಿ ಹಿಡಿದೆವು. ಹವಳಗಾದಿಂದ ನೆಟ್ಟಗೆ ಬಂದಿದ್ದ ವಿಮಾನ ಆಗ ಮೊದಲ ಸಲ ಓಲಾಡಿತು.

ಎಲ್ಲರೂ ಕೇಳಿದ ಮಾತು

ಆಳಂದದ ತೊಗರಿ ವ್ಯಾಪಾರಿಯ ಮಗಳೊಬ್ಬಳು ಕಲಿಯಲು ಬಂದಳು. ಕೈ ಚಲೋ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. "ಬಾಯಿ ಮುಚ್ಚು, ಕಣ್ಣು ತೆರಿ" ಎನ್ನುವುದೇ ನನ್ನ ಅರ್ಧ ಪಾಠ. ಹತ್ತಾರು ತಾಸು ಹಾರಿದ ಮೇಲೆ ಅವಳು ಒಬ್ಬಳೇ ಹಾರುವ ದಿನ ಬಂತು.

ಆ ದಿನ ಮಾಸ್ತರನ ಕೆಲಸವೆಂದರೆ ಇಳಿಯುವುದು. ಬೆಲ್ಟು ಬಿಚ್ಚಿ, ಇಳಿದು, ಬಾಗಿಲು ಹಾಕಿ ಹಿಂದೆ ಸರಿಯಬೇಕು. ಒಬ್ಬನ ತೂಕ ಕಡಿಮೆಯಾದದ್ದಕ್ಕೆ ವಿಮಾನ ಬೇಗ ಏರುತ್ತದೆ. ಹೀಗೆ ಏರಿದವರು ಒಂದು ಫೋಟೋ ತೆಗೆಸಿಕೊಂಡು, ಕಾಲಿಗೆ ನಮಸ್ಕರಿಸಿ, ಸ್ವಲ್ಪ ದಿನಕ್ಕೆ ಹೊರಟುಹೋಗುತ್ತಾರೆ.

ಕೈಯಲ್ಲಿ ಸಣ್ಣ ರೇಡಿಯೋ ಹಿಡಿದು ಮೆಕ್ಯಾನಿಕ್ಕುಗಳ ಜೊತೆ ಬಿಸಿಲಲ್ಲಿ ನಿಂತಿದ್ದೆ. ರೇಡಿಯೋ ಮಾತಾಡತೊಡಗಿತು.

"ಏ ಹುಡುಗಿ, ಕಣ್ಣು ಎಲ್ಲಿ ಅದಾವ?" ನನ್ನದೇ ಗಡುಸು ದನಿ, ಅವಳ ಬಾಯಲ್ಲಿ! "ಹೊರಗ ಅದಾವ್ರಿ ಸರ್." ಇದು ಅವಳದು. "ವೇಗ?" "ಬರೋಬ್ಬರಿ ಅದ್ರಿ ಸರ್."

ಅಂಜಿಕೆಗೆ ಅವಳು ಹಿಡಿಕೆಯನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಅದರ ಮೇಲಿನ ಮಾತಿನ ಗುಂಡಿ ಒತ್ತಿಕೊಂಡೇ ಇತ್ತು. ಒಬ್ಬರು ಒತ್ತಿದರೆ ಅವರ ಮಾತು ಎಲ್ಲರಿಗೂ ಕೇಳುತ್ತದೆ, ಉಳಿದವರು ಮಾತಾಡುವಂತಿಲ್ಲ. ಟವರಿನವರು ಕೂಗಿದರೂ ಅವಳಿಗೆ ಕೇಳುವುದಿಲ್ಲ. ಬೆಂಗಳೂರಿನಿಂದ ಬರುತ್ತಿದ್ದ ಪ್ರಯಾಣಿಕರ ವಿಮಾನ ದೂರದಲ್ಲೇ ಸುತ್ತು ಹಾಕತೊಡಗಿತು.

ಅವಳು ಮಾತ್ರ ಹೇಳುತ್ತಲೇ ಇದ್ದಳು. "ಪಾಪ, ಸರ್ ಈಗ ಬಿಸಿಲಾಗ ನಿಂತಿರ್ತಾರ. ಮಧ್ಯಾಹ್ನ ಗ್ವಾಡಿ ಕಡೆ ಮಾರಿ ಮಾಡಿ ಒಬ್ಬರೇ ಉಣ್ತಾರ. ತಾವೇ ಬಡದ ರೊಟ್ಟಿ, ಒಂದ್ ಕಡೆ ಹಸಿ, ಒಂದ್ ಕಡೆ ಕರಕು. ಅಫಜಲಪುರದಾಗ ನಮ್ಮ ದೊಡ್ಡವ್ವನ ಮಗಳು ಅದಾಳ, ಸಾಲಿ ಟೀಚರ್. ಅಕಿಗಿ ಹೇಳೀನಿ, ಸರ್ ಭಾಳ ಚಲೋ ಅದಾರ, ಗಂಟು ಮಾರಿ ಒಂದು ಬಿಟ್ರ ಅಂತ. ಅಕಿ ಮದುವಿಗೆ ಹೂಂ ಅಂದಾಳ. ಸರ್‌ಗೆ ಕೇಳೋದು ಹೆಂಗ? ಅಂಜಿಕಿ ಬರ್ತದ."

ಮೆಕ್ಯಾನಿಕ್ಕುಗಳು ನನ್ನ ಮುಖ ನೋಡಬಾರದೆಂದು ಒಟ್ಟಿಗೆ ಆಕಾಶ ನೋಡಿದರು.

ಆಮೇಲೆ ಅವಳು ಇಳಿಯಲು ತಿರುಗಿದಳು. ಮಾತು ನಿಂತು ಉಸಿರಷ್ಟೇ ಕೇಳಿಸಿತು. "ಇನ್ನಾ ಇಲ್ಲ... ಇನ್ನಾ ಇಲ್ಲ... ಈಗ." ನಾನು ಹೇಳಿಕೊಟ್ಟ ಮಾತೇ. ಗಾಲಿಗಳು ಹೂವಿಟ್ಟಂತೆ ನೆಲಕ್ಕೆ ತಾಗಿದವು. ನನ್ನ ಕಣ್ಣು ತುಂಬಿತು. ಮೆಕ್ಯಾನಿಕ್ಕುಗಳು ನೋಡಿಯೇಬಿಟ್ಟರು.

ಅವಳ ಕೈ ಸಡಿಲಾಗಿ ಗುಂಡಿ ಬಿಟ್ಟುಕೊಂಡಿತು. ಟವರಿನ ಅಧಿಕಾರಿ ರೇಡಿಯೋದಲ್ಲಿ ಇಂಗ್ಲಿಷು ಬಿಟ್ಟು, ಕೆಲಸ ಬಿಟ್ಟು ಬೇರೆ ಮಾತಾಡಿದವರೇ ಅಲ್ಲ. ಒಮ್ಮೆ ಕೆಮ್ಮಿ, ಇಂಗ್ಲಿಷಿನಲ್ಲೇ "ಚೆನ್ನಾಗಿ ಇಳಿಸಿದಿರಿ" ಎಂದು ಅವಳಿಗೆ ಹೇಳಿದರು. ಬಳಿಕ ಸುತ್ತು ಹಾಕುತ್ತಿದ್ದ ವಿಮಾನಕ್ಕೆ, ದಾರಿ ಖಾಲಿಯಿದೆ, ಇಳಿಯಬಹುದು ಎಂದರು.

ಆ ವಿಮಾನದ ಪೈಲಟ್‌ನ ಉತ್ತರ ಬಂತು, ಬೆಂಗಳೂರು ಕನ್ನಡದಲ್ಲಿ.

"ನಮಗೇನೂ ಅರ್ಜೆಂಟಿಲ್ಲ ಸ್ವಾಮಿ, ಇನ್ನೊಂದು ರೌಂಡ್ ಹಾಕ್ತೀವಿ. ಮೊದಲು ಆ ಮೇಷ್ಟ್ರು ಒಪ್ಕೊಂಡ್ರಾ ಕೇಳಿ."